ದೊಡ್ಡಪ್ಪ ಕೊಳಕ್ಕೆ ಬಿಟ್ಟ ಮೀನುಗಳು

ಕೊಳದ ಮೆಟ್ಟಿಲ ಮೇಲೆ ನಿಂತು, ಖಾಕಿ ಅಂಗಿಯ ಜೇಬಿನಿಂದ ವಿಷಲ್ ತೆಗೆದು, ಕೆನ್ನೆ ಉಬ್ಬಿಸಿ ದೊಡ್ಡಪ್ಪ ಒಂದು ಸಲ ಉದ್ದಕ್ಕೆ ಊದಿದನೆಂದರೆ ಸಾಕು, ನೀರೊಳಗಿನ ಮೀನುಗಳೆಲ್ಲ ಅವನ ಕಾಲ ಬುಡಕ್ಕೆ ಬಂದು ಸೇರುತ್ತಿದ್ದವು. ಬಸ್ಸು ನಿಲ್ಲಿಸಲು ಕಂಡಕ್ಟರ್ ಊದುವ ವಿಷಲ್ಲೇ ಅದು. ಪಂಚೆಯ ಮಡಿಲಿನಲ್ಲಿ ಕಟ್ಟಿಕೊಂಡು ಬಂದ ಕಡ್ಲೆಪುರಿಯನ್ನು ಹಿಡಿ ಹಿಡಿಯಾಗಿ ಎರಚಿ, ಪುರಿ ಖಾಲಿಯಾದ ಮೇಲೆ ಚಿಕ್ಕದಾಗಿ ಎರಡು ಸಲ ಊದುತ್ತಿದ್ದ. ಅಂದರೆ ರೈಟ್, ಇನ್ನು ಹೊರಡಿ ಅಂತ. ಮೀನುಗಳು ಹೊರಟೂ ಬಿಡುತ್ತಿದ್ದವು. ಪುರಿ ಮುಗಿದ ಮೇಲೆ ಅವು ಹೇಗೂ ಹೋಗುತ್ತವಲ್ಲ, ಅದಕ್ಕೂ ವಿಷಲ್ ಯಾಕೆ ಎಂದು ಕೇಳಿದರೆ, "ಏಳ್ದೆ ಕೇಳ್ದೆ ಒರಡಾಕೆ ಅವೇನು ಪ್ರೈವೇಟ್ ಬಸ್ಸಾ?" ಎಂದು ನನ್ನನ್ನೇ ಗದರುತ್ತಿದ್ದ.

ದೊಡ್ಡಪ್ಪ ತೀರಿಕೊಂಡು ಒಂದಷ್ಟು ಕಾಲವಾಯಿತು. ಹೋದವರನ್ನು ನೆನೆದರೆ ಕಣ್ಣು ಒದ್ದೆಯಾಗುತ್ತದೆ ಎನ್ನುತ್ತಾರೆ. ನನಗೆ ಮೊದಲು ಬರುವುದು ಸಿಟ್ಟು. ತನ್ನ ಜೀವಕ್ಕಿಂತ ಹೆಚ್ಚಾಗಿ ನೋಡಿಕೊಂಡ ಮೀನುಗಳನ್ನು ಆ ಮನುಷ್ಯ ತನ್ನ ಕೈಯಾರೆ ಮುಗಿಸಿದ. ಹೊಟ್ಟೆಕಿಚ್ಚಿನಿಂದಲ್ಲ, ಅಸಡ್ಡೆಯಿಂದಲ್ಲ, ಬರೀ ಕರುಣೆಯಿಂದ. ನಾನು ಪಕ್ಕದಲ್ಲೇ ನಿಂತು ಬೇಡ ಬೇಡ ಎಂದು ಹೇಳುತ್ತಲೇ ಇದ್ದೆ. ಹೇಳಿ ಹೇಳಿ ನನ್ನ ನಾಲಿಗೆ ಸವೆದದ್ದೇ ಬಂತು.

ನಮ್ಮೂರು ಗುಂಡ್ಲುಪೇಟೆಯಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಬಸವೇಶ್ವರನ ಗುಡಿಯ ಹಿಂದೆ ಕಲ್ಲು ಮೆಟ್ಟಿಲಿನ ಹಳೆಯ ಕೊಳ. ಅದರ ತುಂಬ ಗೆಂಡೆ ಮೀನು. ಅಂಗೈಯಷ್ಟು ಉದ್ದ, ಬೆನ್ನು ಹಸಿರುಗಪ್ಪು, ರೆಕ್ಕೆಯ ತುದಿಗೆ ಯಾರೋ ಕುಂಕುಮ ಸವರಿದಂತೆ ನಸುಗೆಂಪು. ದೇವರ ಮೀನೆಂದು ಊರಿನಲ್ಲಿ ಮೀನು ತಿನ್ನುವವರೂ ಅವನ್ನು ಮುಟ್ಟುತ್ತಿರಲಿಲ್ಲ. ನಮ್ಮದಂತೂ ಲಿಂಗ ಕಟ್ಟುವ ಮನೆ. ಮೀನಿನ ರುಚಿ ಗೊತ್ತಿಲ್ಲ, ಯಾವುದು ಯಾವ ಮೀನು ಎಂಬುದೂ ಗೊತ್ತಿಲ್ಲ. ಗುಡಿಯ ಉಸ್ತುವಾರಿ ಮನೆಯ ಹಿರಿಯನಾದ ದೊಡ್ಡಪ್ಪನದು. ಗುಡಿಯ ಜತೆಗೆ ಕೊಳವೂ ಕೊಳದ ಜತೆಗೆ ಗೆಂಡೆಗಳೂ ಅವನ ಪಾಲಿಗೆ ಬಂದಿದ್ದವು.

ಚಿಕ್ಕಂದಿನಲ್ಲಿ ನನ್ನನ್ನು ಕೊನೆಯ ಮೆಟ್ಟಿಲ ಮೇಲೆ ಕೂರಿಸಿ, ಕಾಲನ್ನು ನೀರಿಗೆ ಇಳಿಬಿಡಿಸುತ್ತಿದ್ದ. ಗೆಂಡೆಗಳು ಬಂದು ಪಾದವನ್ನೆಲ್ಲ ಮೆಲ್ಲಗೆ ಕಚ್ಚುತ್ತಿದ್ದವು. ಕಚಗುಳಿಗೆ ನಾನು ಕಿರುಚಿಕೊಂಡರೆ, "ಸುಮ್ಕೆ ಕುಂತ್ಕೊ ಅಮ್ಮಿ, ನಿನ್ ಗುರ್ತು ಇಡ್ಕತಾವೆ ಅವು" ಅನ್ನುತ್ತಿದ್ದ. ಮೀನು ಬಾಯಿ ತೆರೆದು ಮುಚ್ಚುವುದು ನೀರು ಕುಡಿಯಲು ಅಲ್ಲ, ಉಸಿರಾಡಲು ಎಂದು ನಾನು ಮೊದಲು ತಿಳಿದದ್ದು ಶಾಲೆಯಲ್ಲಲ್ಲ, ಅಲ್ಲಿ ಕೂತು ನೋಡಿ ನೋಡಿ. ಮುಂದೆ ನಾನು ಪ್ರಾಣಿಶಾಸ್ತ್ರ ಓದಿ ಚಾಮರಾಜನಗರದ ಕಾಲೇಜೊಂದರಲ್ಲಿ ಪಾಠ ಮಾಡುವವಳಾದೆ. ಅದಕ್ಕೆ ಆ ಕೊನೆಯ ಮೆಟ್ಟಿಲೇ ಕಾರಣ ಎಂದು ಯಾರು ಕೇಳಿದರೂ ಹೇಳುತ್ತೇನೆ.

ದೊಡ್ಡಪ್ಪನ ಹೆಸರು ಶಿವಮಲ್ಲಪ್ಪ. ಕಂಡಕ್ಟರ್ ಮಲ್ಲಪ್ಪ ಎಂದರೆ ಮಾತ್ರ ಜನಕ್ಕೆ ಗೊತ್ತಾಗುತ್ತಿತ್ತು. ಸರ್ವಿಸ್ಸಿನ ಬಹುಪಾಲನ್ನು ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಓಡಾಡುವ ಬಸ್ಸಿನಲ್ಲೇ ಕಳೆದ. ಅವನ ಬಸ್ಸಿನಲ್ಲಿ ಜಾಗ ಇಲ್ಲ ಎಂಬ ಮಾತೇ ಇರಲಿಲ್ಲ. ಯಾರು ಎಲ್ಲಿ ಕೈ ಅಡ್ಡ ಹಾಕಿದರೂ ವಿಷಲ್ ಊದಿ ನಿಲ್ಲಿಸುತ್ತಿದ್ದ. ಡ್ರೈವರ್ ಬೈಯುತ್ತಿದ್ದ, ಒಳಗೆ ನಿಂತವರು ಬೈಯುತ್ತಿದ್ದರು. ದೊಡ್ಡಪ್ಪ ಟಿಕೆಟ್ ಹರಿಯುತ್ತ, "ಜಾಗ ಅದೆ, ಜಾಗ ಅದೆ, ಒಸಿ ಒಳಕ್ ನಡೀರಿ" ಎಂದು ಹೇಳಿಕೊಂಡೇ ಮುಂದಕ್ಕೆ ಹೋಗುತ್ತಿದ್ದ. ನಾನು ಕಾಲೇಜಿಗೆ ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂದು ದಿನ ಚೆಂಡು ಹೂವಿನ ಮೂಟೆ ಹಿಡಿದವನೊಬ್ಬನನ್ನು ಹತ್ತಿಸಿಕೊಂಡು, ಮೂಟೆ ಇಡಲು ಜಾಗವಿಲ್ಲದೆ ಅದನ್ನು ನನ್ನ ತೊಡೆಯ ಮೇಲೆ ಇಟ್ಟ. ಅದರ ಹಿಂದೆಯೇ ಕೋಳಿ ಮಂಕರಿ ಹಿಡಿದ ಹೆಂಗಸು ಹತ್ತಿದಳು. ಮಂಕರಿ ಹೂವಿನ ಮೇಲೆ ಬಂತು. ಕ್ಲಾಸಿಗೆ ಹೋದಾಗ ನನ್ನ ಮೈಯಿಂದ ಬರುತ್ತಿದ್ದ ವಾಸನೆಗೆ ಗೆಳತಿಯರು ಬೆಂಚು ಬದಲಾಯಿಸಿದರು. ಸಂಜೆ ಜಗಳ ತೆಗೆದರೆ ಅವನದು ಒಂದೇ ಮಾತು: "ಕೈ ತೋರ್ಸ್ದೋರ್ನ ಬುಟ್ಟೋದ್ರೆ ನಂಗೆ ಉಂಡನ್ನ ಅರಗಾಕಿಲ್ಲ ಕಣಮ್ಮಿ."

ಅವನು ಸಮುದ್ರ ನೋಡಿದ್ದು ಒಂದೇ ಸಲ. ನಾನಾಗ ಡಿಗ್ರಿಯಲ್ಲಿದ್ದೆ. ಮನೆಯವರೆಲ್ಲ ವ್ಯಾನು ಮಾಡಿಕೊಂಡು ಘಾಟಿ ಇಳಿದು ಕಲ್ಲಿಕೋಟೆಗೆ ಹೋದೆವು. ಉಳಿದವರು ಅಲೆಗೆ ಕಾಲು ಕೊಟ್ಟು ಕೂಗಾಡುತ್ತಿದ್ದರೆ ದೊಡ್ಡಪ್ಪ ಸ್ವಲ್ಪ ದೂರದಲ್ಲಿ ಬಲೆ ಎಳೆಯುತ್ತಿದ್ದವರ ಹತ್ತಿರ ಹೋಗಿ ನಿಂತುಬಿಟ್ಟಿದ್ದ. ಮರಳಿನ ಮೇಲೆ ಬಂಗುಡೆಗಳ ರಾಶಿ. ಕೇರಳದ ಪ್ರಯಾಣಿಕರಿಂದ ಕಲಿತ ಎರಡು ಮಾತು, ನಮ್ಮೂರ ಕನ್ನಡ, ಎರಡನ್ನೂ ಕಲಸಿ, "ಚೇಟ್ಟಾ, ಒಂದೇ ಒಂದು ಕೊಡಪ್ಪ, ಪುಣ್ಯ ಬತ್ತದೆ" ಎಂದು ಅಂಗಲಾಚುತ್ತಿದ್ದ. ಬಲೆಯವನು ನಕ್ಕು ಒಂದು ಮೀನನ್ನು ಅವನ ಕಡೆ ಎಸೆದ. ದೊಡ್ಡಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಪಂಚೆ ಒದ್ದೆಯಾಗುವಷ್ಟು ನೀರಿಗಿಳಿದು, "ಓಗು, ಓಗು, ನಿಮ್ಮವ್ವನ್ ತಾವ ಓಗು" ಎಂದು ಬಿಟ್ಟ.

ಮೀನು ಆಗಲೇ ಸತ್ತಿತ್ತು. ಮುಂದಿನ ಅಲೆ ಅದನ್ನು ತಂದು ಅವನ ಕಾಲ ಹತ್ತಿರ ಹಾಕಿತು. ಅವನು ಎತ್ತಿಕೊಂಡು ಇನ್ನೂ ಒಳಗೆ ಹೋಗಿ ಬಿಟ್ಟ. ಅಲೆ ಮತ್ತೆ ತಂದಿತು. ಬಲೆಯವರು ಕೆಲಸ ನಿಲ್ಲಿಸಿ ನೋಡುತ್ತ ನಗುತ್ತಿದ್ದರು. ನನಗೆ ಮರ್ಯಾದೆ ಹೋದಂತಾಗಿ ಕೈ ಹಿಡಿದು ಎಳೆದುಕೊಂಡು ಬಂದೆ. "ಅದು ಸತ್ತಿದೆ ದೊಡ್ಡಪ್ಪ, ಬಾ" ಅಂದರೆ, "ಸತ್ತಿಲ್ಲ ಕಣಮ್ಮಿ, ಎದರ್ಕೊಂಡದೆ" ಅಂದ. ವಾಪಸು ಬರುವಾಗ ವ್ಯಾನಿನಲ್ಲಿ ಎಲ್ಲರೂ ಅವನನ್ನು ಆಡಿಕೊಂಡು ನಕ್ಕರು. ಘಾಟಿ ಹತ್ತಿದ ಮೇಲೆ, ಯಾರಿಗೆ ಹೇಳಿದನೋ, "ನಾವು ಒಸಿ ಬಿರ್ನೆ ಓಗ್ಬೇಕಿತ್ತು" ಎಂದ. ನಾನೂ ಎಲ್ಲರ ಜತೆ ನಕ್ಕೆ. ಈ ಕರುಣೆ ಮುಂದೆ ನಮ್ಮ ಕೊಳಕ್ಕೇ ಬಂದು ವಕ್ಕರಿಸುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ರಿಟೈರಾದ ಮೇಲೆ ದೊಡ್ಡಪ್ಪನಿಗೆ ಕೈ ಕಟ್ಟಿ ಹಾಕಿದಂತಾಯಿತು. ಹೊಲದ ಕೆಲಸ ನೋಡಿಕೊಳ್ಳಲು ಮಗ ಇದ್ದ. ಇವನು ಬೆಳಗ್ಗೆ ಕೊಳ, ಗುಡಿ ಮುಗಿಸಿ, ಸಂತೆಯ ದಿನ ಖಾಕಿ ಅಂಗಿ ತೊಟ್ಟು ಗುಂಡ್ಲುಪೇಟೆಗೆ ಹೋಗಿ ಬರುತ್ತಿದ್ದ. ಅಲ್ಲಿ ಸಂತೆಯ ಒಂದು ಮೂಲೆಯಲ್ಲಿ ರಾಜಮ್ಮ ಎಂಬಾಕೆ ಮೀನು ಮಾರುತ್ತಿದ್ದಳು. ಐಸಿನಲ್ಲಿಟ್ಟ ಸಮುದ್ರದ ಮೀನು ಒಂದು ಕಡೆ. ಇನ್ನೊಂದು ಕಡೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದಷ್ಟು ನೀರು ಹಾಕಿ, ಅದರಲ್ಲಿ ಒಂದರ ಮೇಲೊಂದು ಹೊರಳಾಡುವ ಜೀವಂತ ಮೀನು. ಕಪ್ಪಗೆ, ಜಾರಿಕೆಯಾಗಿ, ಚಪ್ಪಟೆ ತಲೆ, ಬಾಯಿಯ ಸುತ್ತ ಉದ್ದುದ್ದ ಮೀಸೆ. ಆಫ್ರಿಕನ್ ಕ್ಯಾಟ್‌ಫಿಶ್. ಸಾಕಬಾರದೆಂದು ಕಾನೂನೇ ಇದೆ. ಆದರೂ ಎಲ್ಲೋ ಸಾಕುತ್ತಾರೆ, ಎಲ್ಲಿಂದಲೋ ಬರುತ್ತದೆ, ಎಲ್ಲರೂ ಕೊಳ್ಳುತ್ತಾರೆ.

ಆ ದಿನ ಏನಾಯಿತೆಂದು ಅವನೇ ನನಗೆ ಎಷ್ಟೋ ಸಲ ಹೇಳಿದ್ದಾನೆ. "ಅಂಗೇ ಓಗ್ತಾ ಇದ್ದೆ ಕಣಮ್ಮಿ. ಟಬ್ಬಿಂದ ತಲೆ ಎತ್ತಿ ಒಂದು ನನ್ನೇ ನೋಡ್ಬುಟ್ಟು ಬಾಯ್ ಬುಡ್ತು. ಓಗೋ ಬಸ್ಸಿಗೆ ಕೈ ತೋರ್ಸ್‌ದಂಗೆ." ನಮ್ಮ ದೊಡ್ಡಪ್ಪನಿಗೆ ಇಷ್ಟು ಸಾಕು. ಆ ಮೀನನ್ನು ಕೊಂಡ. ರಾಜಮ್ಮ ಎಂದಿನಂತೆ, "ಕತ್ತರಿಸಿ ಕೊಡ್ಲಾ ಯಜಮಾನ್ರೆ?" ಎಂದಳಂತೆ. ಇವನು ಸಂತೆಗೆಲ್ಲ ಕೇಳುವಂತೆ ಅರಚಿದನಂತೆ. ಪ್ಲಾಸ್ಟಿಕ್ ಕವರಿನಲ್ಲಿ ಅದನ್ನು ಹಾಕಿಸಿಕೊಂಡು ಬಸ್ಸು ಹತ್ತಿ ಊರಿಗೆ ತಂದು, ಸೀದಾ ಕೊಳಕ್ಕೆ ಬಿಟ್ಟ. ಕೊಳದಲ್ಲಿ ಅಷ್ಟೊಂದು ನೀರಿದೆ, ಅಷ್ಟೊಂದು ಮೀನಿದೆ, ಇನ್ನೊಂದಕ್ಕೆ ಜಾಗ ಇಲ್ಲವೇ? ಅಲ್ಲಿಂದ ಮುಂದೆ ಪ್ರತಿ ಸಂತೆಯಲ್ಲೂ ಅದೇ ಕೆಲಸವಾಯಿತು. ಐಸಿನಲ್ಲಿದ್ದವು ಸತ್ತವು, ಅವನ್ನು ಉಳಿಸಲಾಗದು. ಉಳಿಸಬಹುದಾದದ್ದು ಟಬ್ಬಿನಲ್ಲಿ ಬದುಕಿರುವುದನ್ನು ಮಾತ್ರ. ಟಬ್ಬಿನ ಅರ್ಧ ಗೇಣು ನೀರಿನಲ್ಲಿ ದಿನಗಟ್ಟಲೆ ಬದುಕಿರಬಲ್ಲ ಮೀನು ಯಾವ ಜಾತಿಯದಿರಬಹುದು, ಅದು ಏನು ತಿಂದು ಅಷ್ಟು ದೊಡ್ಡದಾಗುತ್ತದೆ ಎಂದು ಮೀನು ತಿನ್ನುವ ಮನೆಯ ಮಗು ಕೂಡ ಯೋಚಿಸುತ್ತಿತ್ತು. ನಮ್ಮ ಮನೆಯಲ್ಲಿ ಮೀನೆಂದರೆ ಮೀನು, ಅಷ್ಟೆ.

ನನಗೆ ಇದು ಗೊತ್ತಾದದ್ದು ದಸರಾ ರಜೆಗೆ ಊರಿಗೆ ಹೋದಾಗ. ಬೆಳಗ್ಗೆ ಅವನ ಜತೆ ಕೊಳಕ್ಕೆ ಹೋದೆ. ವಿಷಲ್ ಊದಿದ. ಗೆಂಡೆಗಳು ಬಂದವು, ಮೊದಲಿನಷ್ಟಿರಲಿಲ್ಲ. ಪುರಿ ಬೀಳುತ್ತಿದ್ದಂತೆ ಕೆಳಗಿನಿಂದ ಒಂದು ಕಪ್ಪು ತಲೆ ಮೇಲೆ ಬಂತು, ಅದರ ಹಿಂದೆ ಇನ್ನೊಂದು. ಗೆಂಡೆಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಓಡಿದವು.

"ದೊಡ್ಡಪ್ಪ, ಇವು ಎಲ್ಲಿಂದ ಬಂದವು?"

"ನಾನೇ ತಂದಿವ್ನಿ. ಎಂಗವೆ?" ಅವನ ಮುಖದ ಹೆಮ್ಮೆ ನೋಡಬೇಕಿತ್ತು.

"ಇವು ಗೆಂಡೆಗಳನ್ನ ತಿಂದುಹಾಕ್ತವೆ!"

"ಮೀನು ಮೀನ ಯಾಕಮ್ಮಿ ತಿಂತದೆ? ಪುರಿ ಆಕ್ತಾ ಇಲ್ವಾ ನಾನು?"

ಅಲ್ಲಿಂದ ಶುರುವಾಯಿತು ನನ್ನ ಪಾಡು. ಪುಸ್ತಕ ತಂದು ಚಿತ್ರ ತೋರಿಸಿದೆ. "ಇದು ಆಪ್ರಿಕಾದ್ದು ಅಂತ ನೀನೇ ಏಳ್ತಾ ಇದ್ದೀಯ. ಪಾಪ, ಅಷ್ಟು ದೂರ್ದಿಂದ ಬಂದದೆ" ಅಂದ. ಫೋನಿನಲ್ಲಿ ವಿಡಿಯೊ ತೋರಿಸಿದೆ. ಆ ಮೀನು ಇನ್ನೊಂದು ಮೀನನ್ನು ನುಂಗುವುದನ್ನು ಕಣ್ಣಾರೆ ನೋಡಿ, "ಅದಕ್ಕೆ ಯಾರೂ ಊಟ ಆಕಿಲ್ಲ, ಅದ್ಕೇ ಅಂಗ್ ಮಾಡ್ತದೆ" ಎಂದು ಮರುದಿನದಿಂದ ಪುರಿಯ ಜತೆಗೆ ರಾಗಿ ಮುದ್ದೆಯನ್ನೂ ಉಂಡೆ ಮಾಡಿ ಹಾಕತೊಡಗಿದ. ಮುದ್ದೆ ತಿಂದು ಅವು ಇನ್ನೂ ದಪ್ಪಗಾದವು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಮ್ಮನಿರುತ್ತಿತ್ತು, ಮೀನಿಗೆ ಮುದ್ದೆ ಹಾಕುತ್ತಿರಲಿಲ್ಲ.

ರಾಜಮ್ಮನ ಹತ್ತಿರ ಹೋಗಿ, ನಮ್ಮ ದೊಡ್ಡಪ್ಪನಿಗೆ ಮೀನು ಕೊಡಬೇಡಿ ಎಂದು ಕೈ ಮುಗಿದೆ. "ನಂಗೇನ್ ಗೊತ್ತವ್ವಾ, ಮನೇಲಿ ಗುಟ್ಟಾಗಿ ತಿಂತಾರೆ ಅಂತಿದ್ದೆ" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆದರೂ ಮಾತು ಉಳಿಸಿಕೊಂಡಳು, ಅವನಿಗೆ ಕೊಡಲಿಲ್ಲ. ಇವನು ಪಕ್ಕದ ಅಂಗಡಿಯಲ್ಲಿ ಕೊಂಡ. ದೊಡ್ಡಮ್ಮನನ್ನು ಎತ್ತಿಕಟ್ಟಿದೆ. ಆಕೆಗೆ ಮೊದಲೇ ಅವನ ಚೀಲ, ಅಂಗಿ ಎಲ್ಲ ಮೀನು ನಾರುತ್ತದೆಂಬ ಸಂಕಟ. ಸಂತೆಯಿಂದ ಬಂದವನಿಗೆ ಹಿತ್ತಿಲಲ್ಲೇ ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದಳು. "ಇನ್ನೊಂದ್ ಮೀನು ತಂದ್ರೆ ನಾನು ತೌರ್ಮನೆಗೆ ಓಯ್ತೀನಿ" ಎಂದು ಹೆದರಿಸಿದಳು. "ಓಗು, ನಾನೇ ಬಸ್ಸು ಹತ್ತುಸ್ತೀನಿ" ಅಂದ. ಆಕೆಯ ತವರುಮನೆ ಪಕ್ಕದ ಬೀದಿ.

ಇಷ್ಟರಲ್ಲಿ ಕೊಳ ಬದಲಾಗುತ್ತ ಹೋಯಿತು. ಮಳೆ ಬಿದ್ದ ಸಂಜೆ ವಟಗುಟ್ಟುತ್ತಿದ್ದ ಕಪ್ಪೆಗಳ ಸದ್ದು ನಿಂತಿತು. ಮೆಟ್ಟಿಲ ಅಂಚಿನಲ್ಲಿ ಗುಂಪು ಗುಂಪಾಗಿ ಓಡಾಡುತ್ತಿದ್ದ ಗೆಂಡೆ ಮರಿಗಳು ಕಾಣಲಿಲ್ಲ. ದೊಡ್ಡ ಗೆಂಡೆಗಳು ನೀರು ಒಳಬರುವ ತೂಬಿನ ಕಲ್ಲಿನ ಸಂದಿಯಲ್ಲಿ ಅವಿತುಕೊಂಡಿರುತ್ತಿದ್ದವು. ವಿಷಲ್ ಊದಿದರೆ ಬರುತ್ತಿದ್ದುದು ಮೀಸೆಯವೇ. ಅವು ಪುರಿಯನ್ನೂ ಮುದ್ದೆಯನ್ನೂ ಬಾಚಿ ತಿನ್ನುವುದನ್ನು ದೊಡ್ಡಪ್ಪ ಸಂತೋಷದಿಂದಲೇ ನೋಡುತ್ತಿದ್ದ. ಆದರೆ ಪುರಿ ಮುಗಿದ ಮೇಲೂ ಕೂಡಲೇ ಎರಡನೆಯ ವಿಷಲ್ ಊದುತ್ತಿರಲಿಲ್ಲ. ತೂಬಿನ ಕಡೆ ನೋಡಿಕೊಂಡು ನಿಂತಿರುತ್ತಿದ್ದ. "ಯಾಕೋ ಇವು ಮೊದಲ್ನಂಗೆ ಬರಾಕಿಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಪಕ್ಕದಲ್ಲಿ ನಾನಿದ್ದೆ. ಯಾಕೆ ಎಂದು ನನ್ನನ್ನು ಮಾತ್ರ ಕೇಳುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕೊಳದ ನೀರು ಮೊಣಕಾಲಿನ ಮಟ್ಟಕ್ಕೆ ಇಳಿಯಿತು. ಇದೇ ಸಮಯ ಅನ್ನಿಸಿತು. ಪಂಚಾಯ್ತಿ ಮೆಂಬರನ್ನು ಹಿಡಿದು ಒಪ್ಪಿಸಿದೆ. ನೀರು ಬಸಿಯಲು ಪಂಪು, ಉಳಿದ ಗೆಂಡೆಗಳನ್ನು ಹಿಡಿದು ಅಲ್ಲಿಯವರೆಗೆ ಇಡಲು ಒಂದು ದೊಡ್ಡ ಪ್ಲಾಸ್ಟಿಕ್ ಟ್ಯಾಂಕು, ಎಲ್ಲ ಅಣಿ ಮಾಡಿದೆ. ಕ್ಯಾಟ್‌ಫಿಶ್ ಹಿಡಿದುಕೊಂಡು ಹೋಗಲು ಊರಿನ ಒಂದಷ್ಟು ಜನ ಚೀಲ ಹಿಡಿದು ಕುಣಿಯುತ್ತಲೇ ಬಂದರು. ದೊಡ್ಡಪ್ಪನಿಗೂ ಹೇಳಿದ್ದೆ. ಕೊಳ ತೊಳೆದು ಗೆಂಡೆಗಳಿಗೆ ಒಳ್ಳೆಯದು ಮಾಡುತ್ತೇವೆ ಎಂದಷ್ಟು ಅವನಿಗೆ ಅರ್ಥವಾಗಿತ್ತು. "ಮಾಡು ಮಾಡು" ಅಂದಿದ್ದ.

ಪಂಪು ಶುರುವಾಗಿ ನೀರು ಇಳಿಯುತ್ತಿತ್ತು. ದೊಡ್ಡಪ್ಪ ಬಂದ. ಚೀಲ ಹಿಡಿದ ಒಬ್ಬನನ್ನು ಕೇಳಿದ: "ಚೀಲ ಯಾಕ್ಲಾ?"

"ಮೀನ್ಗೆ ದೊಡ್ಡಯ್ಯ. ರಾತ್ರಿಕ್ ಸಾರು."

ದೊಡ್ಡಪ್ಪ ಮೆಟ್ಟಿಲಿಳಿದು ಕೆಸರಿಗೆ ಕಾಲಿಟ್ಟು, ಜೇಬಿನಿಂದ ವಿಷಲ್ ತೆಗೆದು ಉದ್ದಕ್ಕೆ ಊದಿದ. ಪಂಪಿನ ಹತ್ತಿರ ಇದ್ದವನು ಎಷ್ಟೋ ವರ್ಷ ಅವನ ಬಸ್ಸಿನಲ್ಲಿ ಓಡಾಡಿದವನು. ಕೈ ತನ್ನಷ್ಟಕ್ಕೆ ಹೋಗಿ ಪಂಪು ಆಫ್ ಮಾಡಿತು.

"ಯಾಕೆ ನಿಲ್ಲಿಸಿದೆ?" ನಾನು ಕೂಗಿದೆ.

"ನಾನು ಹತ್ತುಸ್ಕೊಂಡೋರ್ನ ನಡುದಾರೀಲಿ ಇಳ್ಸಿ ಕೊಲ್ಸಾಕಿಲ್ಲ ಕಣಮ್ಮಿ."

"ಮತ್ತೆ ಮೊದಲೇ ಕೂತಿದ್ದವರು? ಅವರನ್ನ ಇವು ತಿಂತಾ ಇದ್ದಾವಲ್ಲ, ಅವರ ಗತಿ?"

"ಅವ್ಕೂ ಜಾಗ ಮಾಡ್ಕೊಡನ."

"ಎಲ್ಲಿ ಜಾಗ? ಇವುಗಳ ಹೊಟ್ಟೆಯಲ್ಲಾ?"

"ಅಂಗಾರೆ ಇವ್ನ ಇಡ್ಕೊಂಡೋಗಿ ದೊಡ್ಡ ಕೆರೆಗೆ ಬುಡನ" ಅಂದ. ಅಲ್ಲೂ ಇದೇ ಕತೆಯಾಗುತ್ತದೆ, ಅಲ್ಲಿ ಇನ್ನೂ ಹೆಚ್ಚು ಮೀನು ಸಾಯುತ್ತವೆ ಎಂದೆ. ಬೇರೆ ಊರಿನ ಕೊಳಕ್ಕೆ? ಅಲ್ಲೂ ಅಷ್ಟೆ. ಹಾಳು ಬಾವಿಗೆ? ಮಳೆಗಾಲದಲ್ಲಿ ಬಾವಿ ತುಂಬಿದರೆ ಅಲ್ಲಿಂದಲೂ ತೆವಳಿಕೊಂಡು ಹೊರಗೆ ಬಂದುಬಿಡುತ್ತವೆ.

"ಅಂಗಾರೆ ಎಲ್ಲೂ ಜಾಗ ಇಲ್ವಾ ಇವ್ಕೆ?"

"ಇಲ್ಲ. ಎಲ್ಲೂ ಇಲ್ಲ."

ಜೀವಮಾನವಿಡೀ ಅವನು ಯಾರಿಗೂ ಹೇಳದ ಮಾತನ್ನು ನಾನು ಅವನ ಮುಖಕ್ಕೇ ಹೇಳಿದ್ದೆ. ಅವನು ಪೈಪಿನ ಪಕ್ಕದ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಎಷ್ಟು ಕರೆದರೂ ಏಳಲಿಲ್ಲ. ಬಿಸಿಲು ಏರಿತು. ಗುಡಿಯ ಯಜಮಾನನೇ ಬೇಡ ಅಂದ ಮೇಲೆ ಊರವರು ಯಾರು ಕೈ ಹಾಕುತ್ತಾರೆ? ಚೀಲದವರು ಗೊಣಗುತ್ತ ಹೋದರು. ಮೆಂಬರು, "ನಿಮ್ ಮನೆ ಪಂಚಾಯ್ತಿ ಮೊದ್ಲು ಬಗೆಹರಿಸ್ಕೊಳ್ಳಿ ಮೇಡಂ" ಎಂದು ಬೈಕು ಹತ್ತಿದ. ಅಷ್ಟು ಜನರ ಮುಂದೆ ನಾನು ದೊಡ್ಡಪ್ಪನಿಗೆ, "ನಿಮ್ಮ ಗೆಂಡೆ, ನಿಮ್ಮ ಕೊಳ, ನೀವೇ ನೋಡಿಕೊಳ್ಳಿ" ಎಂದು ಹೇಳಿ ಬಂದೆ. ಹುಟ್ಟಿದಾಗಿನಿಂದ ಅವನನ್ನು ನೀನು ಎನ್ನುತ್ತಿದ್ದವಳು ಅವತ್ತು ನೀವು ಅಂದಿದ್ದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ.

ಮಳೆಗಾಲ ಬಂದು ಕೊಳ ಮತ್ತೆ ತುಂಬಿತು. ನಾನು ಊರಿಗೆ ಹೋಗುವುದನ್ನೇ ಬಿಟ್ಟೆ. ದೊಡ್ಡಮ್ಮ ಫೋನು ಮಾಡಿದಾಗ ಸುದ್ದಿ ಸಿಗುತ್ತಿತ್ತು. ಸಂತೆಯಿಂದ ಮೀನು ತರುವುದನ್ನು ನಿಲ್ಲಿಸಿದ್ದಾನೆ. ಈಗೇನು ಪ್ರಯೋಜನ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬೆಳಗ್ಗೆ ಹೋದವನು ಮಧ್ಯಾಹ್ನದವರೆಗೂ ತೂಬಿನ ಹತ್ತಿರ ನೀರಿನಲ್ಲಿ ಇಳಿದು ನಿಂತಿರುತ್ತಾನೆ, ಟವಲ್ಲು ಹಿಡಿದುಕೊಂಡು ಏನೋ ಮಾಡುತ್ತಿರುತ್ತಾನೆ. ಕೇಳಿದರೆ ಹೇಳುವುದಿಲ್ಲ, ಕೆಮ್ಮು ಬೇರೆ ಹತ್ತಿದೆ. "ನೀನಾರಾ ಬಂದು ಬುದ್ಧಿ ಏಳವ್ವಾ" ಎಂದು ದೊಡ್ಡಮ್ಮ ಗೋಳಿಟ್ಟಳು. ಬುದ್ಧಿ ಹೇಳಿ ಸಾಕಾಗಿತ್ತು ನನಗೆ.

ಒಂದು ಭಾನುವಾರ ಮಧ್ಯಾಹ್ನ ಚಾಮರಾಜನಗರದ ನಮ್ಮ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ದೊಡ್ಡಪ್ಪ. ಖಾಕಿ ಅಂಗಿ ಬೆವರಿಗೆ ಮೈಗಂಟಿತ್ತು. ಮೈ ಇಳಿದುಹೋಗಿತ್ತು. ಕೈಯಲ್ಲಿ ಡೇರಿಗೆ ಹಾಲು ಹಾಕುವ ಸ್ಟೀಲಿನ ಕ್ಯಾನು. ಒಳಗೆ ಬಂದವನೇ ಅದನ್ನು ನನ್ನ ಕೈಗೆ ಕೊಟ್ಟ.

"ತಕ್ಕೊ. ಇನ್ನು ಉಳ್ದಿರೋವು ಇವೇಯ. ನಿನ್ ಕಾಲೇಜಲ್ಲಿ ಗಾಜಿನ ತೊಟ್ಟಿ ಅದೆ ಅಂತಿದ್ದೆಲ್ಲ, ಅದ್ಕೆ ಬುಡು."

ಟವಲ್ಲಿನಲ್ಲಿ ದಿನವೂ ಅವನು ಹಿಡಿಯಲು ಹೆಣಗುತ್ತಿದ್ದದ್ದು ಈ ಗೆಂಡೆಗಳನ್ನು. ಕೊನೆಗೂ ನನ್ನ ಮಾತು ಅವನ ತಲೆಗೆ ಹೋಗಿತ್ತು. ಕೊನೆಗೂ! ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಲ್ಯಾಬಿನ ತೊಟ್ಟಿಯಲ್ಲಿ ಸ್ವಲ್ಪ ದಿನ ಇಡಬಹುದು, ಆಮೇಲೆ ಹಿತ್ತಿಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಬಹುದು, ಒಂದು ಜೊತೆ ಉಳಿದರೂ ಸಾಕು, ಮರಿಯಾದರೆ ಇನ್ಯಾವತ್ತಾದರೂ ಒಂದು ದಿನ ನಮ್ಮ ಕೊಳಕ್ಕೇ ವಾಪಸು ಬಿಡಬಹುದು ಎಂದು ನಿಂತ ನಿಲುವಿನಲ್ಲೇ ಎಲ್ಲ ಲೆಕ್ಕ ಹಾಕಿಬಿಟ್ಟೆ. "ಕೂತ್ಕೊ ದೊಡ್ಡಪ್ಪ, ಕೂತ್ಕೊ" ಎಂದು ಫ್ಯಾನು ಹಾಕಿ, ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದೆ.

ತೆಗೆಯಲು ಬರಲಿಲ್ಲ. ಬಾಯಿಗೆ ಬಟ್ಟೆ ಸುತ್ತಿ ಅದರ ಮೇಲೆ ಮುಚ್ಚಳವನ್ನು ಅದುಮಿ ಕೂರಿಸಿದ್ದ. ಚಮಚದ ತುದಿಯಿಂದ ಮೀಟಿ ತೆಗೆದೆ. ಒಳಗಿನಿಂದ ಬೆಚ್ಚನೆಯ ಹವೆ ಮುಖಕ್ಕೆ ಬಡಿಯಿತು. ಗೆಂಡೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ರೆಕ್ಕೆಯ ತುದಿಯ ಕೆಂಪು ಇನ್ನೂ ಹಾಗೆಯೇ ಇತ್ತು.

ದೊಡ್ಡಪ್ಪ ಎದ್ದು ಬಂದು ಬಗ್ಗಿ ನೋಡಿದ. ಬೆರಳು ಅದ್ದಿ ನೀರನ್ನು ಕಲಕಿದ. ಅವು ನೀರಿನ ಜತೆ ತಿರುಗಿದವು.

"ತೆರಕಣಾಂಬೀಲಿ ಇದ್ವು ಕಣಮ್ಮಿ. ಟೈರು ಪಂಚರ್ ಆಗಿ ನಿಂತ್ಕೊಬುಡ್ತು ಬಸ್ಸು. ನಾನು ತೊಡೆ ಮ್ಯಾಲೇ ಮಡಿಕ್ಕೊಂಡಿದ್ದೆ. ಒಳಗಿಂದ ತಗಡ್ಗೆ ಬಡೀತಾ ಇದ್ವು, ನಂಗೆ ಗೊತ್ತಾಯ್ತಿತ್ತು."

"ಬಡೀತಾ ಇದ್ದಾಗ ಮುಚ್ಚಳ ತೆಗೆಯೋದಲ್ವಾ!"

"ನೀರು ಚೆಲ್ಲಿ ಬಸ್ಸೆಲ್ಲಾ ಮೀನು ನಾತ ಆಗ್ಬುಟ್ರೆ? ಪಕ್ಕದಲ್ಲಿ ಕುಂತೋರ್ಗೆ ತೊಂದ್ರೆ ಅಲ್ವಾ?"

ನಾನು ಏನೇನು ಕೂಗಾಡಿದೆನೋ ನನಗೇ ನೆನಪಿಲ್ಲ. ಒಂದು ಸೂಜಿಯಷ್ಟು ತೂತು ಮಾಡಿದ್ದರೂ ಉಳಿಯುತ್ತಿದ್ದವು, ಒಂದು ಫೋನು ಮಾಡಿದ್ದರೆ ನಾನೇ ಬಂದು ತರುತ್ತಿದ್ದೆ, ನಿನ್ನ ಆ ಹಾಳು ಮೀಸೆ ಮೀನನ್ನಾದರೆ ಹೀಗೆ ತಂದಿದ್ದರೂ ಸಾಯುತ್ತಿರಲಿಲ್ಲ, ಇವು ಅಂಥವಲ್ಲ, ಇವು ಅಂಥವಲ್ಲ ಎಂದು ಗಂಟಲು ಹರಿಯುವಂತೆ ಅರಚಿದೆ. ಅವನು ಕ್ಯಾನಿನ ಮುಂದೆಯೇ ಕೂತಿದ್ದ. ಊಟ ಮಾಡು ಅಂದರೆ ಬೇಡ ಅಂದ. ಒಂದು ಲೋಟ ನೀರು ಕುಡಿದು, ಕಡೆಯ ಬಸ್ಸಿಗೆ ಮೊದಲೇ ಹೊರಡುತ್ತೇನೆಂದು ಎದ್ದ. ಕ್ಯಾನನ್ನು ಎತ್ತಿಕೊಂಡ. ಮುಚ್ಚಳವನ್ನು ಈ ಸಲ ಸಡಿಲವಾಗಿ ಇಟ್ಟ.

ಬಸ್‌ಸ್ಟ್ಯಾಂಡಿನವರೆಗೆ ಜತೆಗೆ ಹೋದೆ. ಗುಂಡ್ಲುಪೇಟೆ ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರ್ ಹುಡುಗ ಮೊದಲು ತಲೆಯಾಡಿಸಿದವನು, ಖಾಕಿ ಅಂಗಿ ನೋಡಿ ಜಾಗ ಬಿಟ್ಟ. ದೊಡ್ಡಪ್ಪ ಹತ್ತಿ ಮೆಟ್ಟಿಲ ಮೇಲೆಯೇ ನಿಂತುಕೊಂಡ. ನಾನು ಅವನನ್ನು ಕೊನೆಯದಾಗಿ ನೋಡಿದ್ದು ಹಾಗೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಕ್ಯಾನು. ಆ ಕೆಮ್ಮು ಎದೆಗಿಳಿದು ಶಿವರಾತ್ರಿಗೆ ಮೊದಲೇ ಹೋಗಿಬಿಟ್ಟ.

ಅವತ್ತು ಬಸ್ಸು ಹೊರಡುವ ಮೊದಲು, "ಅವನ್ನ ಯಾಕೆ ವಾಪಸು ತಗೊಂಡು ಹೋಗ್ತೀಯ? ಕೊಡು, ನಾನು ಇಲ್ಲೇ ಹಿತ್ತಿಲಲ್ಲಿ ಹೂಳ್ತೀನಿ" ಅಂದೆ.

"ಬ್ಯಾಡ. ಕೊಳದವು ಅವು. ಕೊಳಕ್ಕೇ ಬುಡ್ತೀನಿ."

"ಬಿಟ್ಟರೆ ಆ ಮೀಸೆಯವು ತಿಂದುಹಾಕ್ತವೆ ದೊಡ್ಡಪ್ಪ! ಇನ್ನೂ ಅರ್ಥ ಆಗಲಿಲ್ಲವಾ ನಿನಗೆ?"

ಬಸ್ಸು ಅಲುಗಿತು. ಅವನು ಕ್ಯಾನನ್ನು ಎದೆಗೆ ಒತ್ತಿ ಹಿಡಿದುಕೊಂಡು ನನ್ನ ಕಡೆ ಬಗ್ಗಿದ.

"ತಿನ್ಲಿ ಬುಡು ಅಮ್ಮಿ. ಅಸ್ಕೊಂಡಿರ್ತವೆ. ಅಲ್ಲಿ ಅವ್ಕೆ ತಿನ್ನಾಕೆ ಇನ್ನೇನು ಉಳ್ದದೆ?"